ಹೆಸರು ಹಿಡಿದು ಕೂಗಿದರೆ ಏಳುವ ಕಂಪ್ಯೂಟರ್

ಸಂಜೆ ಕಚೇರಿ ಬಿಡುವಾಗ ಕಂಪ್ಯೂಟರ್ ಆರಿಸಿ ಹೋಗುವುದು ರೂಢಿ. ಆದರೆ ನೂರಾರು ಕಂಪ್ಯೂಟರುಗಳಿರುವ ಸಂಸ್ಥೆಗಳಲ್ಲಿ ಅವುಗಳ ಉಸ್ತುವಾರಿ ನೋಡುವವರ ಕೆಲಸ ಶುರುವಾಗುವುದೇ ಆಗ. ಹೊಸ ತಂತ್ರಾಂಶ ತುಂಬುವುದು, ವೈರಸ್ ತಪಾಸಣೆ ಮಾಡುವುದು ಎಲ್ಲವೂ ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ ಆಗಬೇಕು. ಅದಕ್ಕೆ ಒಂದೊಂದು ಯಂತ್ರದ ಬಳಿಗೂ ಹೋಗಿ ಗುಂಡಿ ಒತ್ತಬೇಕು. ಇಲ್ಲವೇ ಎಲ್ಲವನ್ನೂ ರಾತ್ರಿಯಿಡೀ ಚಾಲೂ ಇಟ್ಟು ವಿದ್ಯುತ್ ಪೋಲು ಮಾಡಬೇಕು. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಂಪ್ಯೂಟರ್ ತಯಾರಕರು ಈ ತೊಡಕಿಗೆ ಪರಿಹಾರ ಹುಡುಕಿದರು.

ಎಎಂಡಿ ಸಂಸ್ಥೆಯು ಹ್ಯೂಲೆಟ್-ಪ್ಯಾಕರ್ಡ್ ಜತೆಗೂಡಿ ರೂಪಿಸಿದ ವಿಧಾನವನ್ನು 1995ರಲ್ಲಿ ಪ್ರಕಟಿಸಿತು. ಅದಕ್ಕಿಟ್ಟ ಹೆಸರು ‘ಮ್ಯಾಜಿಕ್ ಪ್ಯಾಕೆಟ್’. 1996ರಲ್ಲಿ ಕೈಜೋಡಿಸಿದ ಇಂಟೆಲ್ ಮತ್ತು ಐಬಿಎಂ, ಮರುವರ್ಷ ಈ ಸೌಲಭ್ಯವನ್ನು ‘ವೇಕ್ ಆನ್ ಲ್ಯಾನ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದವು.

ಆರಿದ ಯಂತ್ರಕ್ಕೆ ಕರೆ ಕೇಳಿಸುವುದಾದರೂ ಹೇಗೆ? ಹಳೆಯ ಕಂಪ್ಯೂಟರುಗಳಲ್ಲಿ ಸ್ವಿಚ್ ಆರಿಸಿದರೆ ವಿದ್ಯುತ್ ಪೂರ್ತಿ ಕಡಿತವಾಗುತ್ತಿತ್ತು. 1995ರಲ್ಲಿ ಬಂದ ‘ಎಟಿಎಕ್ಸ್’ ವಿನ್ಯಾಸದಲ್ಲಿ ಹಾಗಲ್ಲ. ಪ್ಲಗ್ ಸಿಕ್ಕಿಸಿರುವಷ್ಟು ಕಾಲ 5 ವೋಲ್ಟ್‌ನ ಸಣ್ಣ ಪ್ರವಾಹ ಒಳಗೆ ಹರಿಯುತ್ತಲೇ ಇರುತ್ತದೆ. ಮೊದಮೊದಲು ಮೂರು ತಂತಿಗಳ ಪುಟ್ಟ ಕೇಬಲ್ ಒಂದು ಅದನ್ನು ನೆಟ್‌ವರ್ಕ್ ಕಾರ್ಡಿಗೆ ಮುಟ್ಟಿಸುತ್ತಿತ್ತು. ಮನೆಯೆಲ್ಲ ಮಲಗಿದರೂ ಬಾಗಿಲಲ್ಲಿ ಕಾವಲುಗಾರ ಎಚ್ಚರವಿರುವಂತೆ ಆ ಕಾರ್ಡ್ ಮಾತ್ರ ಕಿವಿಗೊಟ್ಟಿರುತ್ತದೆ.

ಕುಂಭಕರ್ಣನನ್ನು ಎಬ್ಬಿಸಲು ಭೇರಿ ಬಾರಿಸಬೇಕಾಯಿತು. ಈ ಯಂತ್ರಕ್ಕೆ 102 ಬೈಟ್‌ಗಳ ಸಂದೇಶ ಸಾಕು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ಗಳ, ಅಂದರೆ 6 ಬೈಟ್‌ಗಳ ವಿಳಾಸವಿರುತ್ತದೆ. ಸಂದೇಶದ ಮೊದಲ 6 ಬೈಟ್‌ಗಳಲ್ಲಿ ಬರೀ ಒಂದುಗಳು. ಅನಂತರ ಆ ವಿಳಾಸ 16 ಸಲ. ಸಾಮಾನ್ಯ ಮಾಹಿತಿಯ ನಡುವೆ ಇಂಥ ಜೋಡಣೆ ಅಕಸ್ಮಾತ್ತಾಗಿ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಸಂದೇಶವು ಜಾಲದ ಎಲ್ಲ ಯಂತ್ರಗಳಿಗೂ ತಲುಪಿದರೂ ತನ್ನ ವಿಳಾಸ ಕಂಡ ಕಾರ್ಡ್ ಮಾತ್ರ ತನ್ನ ಯಂತ್ರವನ್ನು ಎಬ್ಬಿಸುತ್ತದೆ.

ಆದರೆ ಕರೆದವರು ಯಾರೆಂದು ಅದು ಕೇಳುವುದಿಲ್ಲ. ಕೆಲವು ಕಾರ್ಡುಗಳು ಗುಪ್ತಪದ ಕೇಳುತ್ತವಾದರೂ ಅದು ತಂತಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಸ್ಥಳೀಯ ಜಾಲದೊಳಗೆ ಇರುವವರೆಲ್ಲ ನಂಬಿಕಸ್ಥರು ಎಂಬ ಎಣಿಕೆಯ ಮೇಲೆ ನಿಂತ ಏರ್ಪಾಡು ಇದು. ಆ ಎಣಿಕೆ ಎಷ್ಟು ದುರ್ಬಲ ಎಂಬುದು ಕಾಲು ಶತಮಾನದ ಬಳಿಕ ಬಯಲಾಯಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೀಳುವ ‘ರ್‍ಯೂಕ್’ ಎಂಬ ಕುತಂತ್ರಾಂಶ ಇದೇ ಕರೆಯನ್ನು ಬಳಸುತ್ತಿದೆ ಎಂದು 2020ರ ಜನವರಿಯಲ್ಲಿ ವರದಿಯಾಯಿತು. ಒಂದು ಯಂತ್ರದೊಳಗೆ ಹೊಕ್ಕ ಅದು, ಆರಿಸಿಟ್ಟ ನೆರೆಯ ಯಂತ್ರಗಳನ್ನೂ ಎಬ್ಬಿಸಿ ಅವುಗಳ ಕಡತಗಳಿಗೆ ಬೀಗ ಜಡಿಯುತ್ತಿತ್ತು.

ಹಾಗೆಂದು ಈ ಉಪಾಯವನ್ನು ಯಾರೂ ಕೈಬಿಟ್ಟಿಲ್ಲ. ಊರಿಂದೂರಿಗೆ ಕುಳಿತು ಕೆಲಸ ಮಾಡುವವರಿಗೆ ಅದು ಅಗತ್ಯ. ಬೇಡವಾದವರಿಗೆ ದಾರಿ ಸರಳ: ಕಂಪ್ಯೂಟರಿನ ಗುಂಡಿಯಷ್ಟೇ ಅಲ್ಲ, ಗೋಡೆಯ ಸ್ವಿಚ್ಚನ್ನೂ ಆರಿಸಬೇಕು. ಆಮೇಲೆ ಹೆಸರು ಹಿಡಿದು 16 ಸಲ ಕೂಗಿದರೂ ಅದು ಏಳದು.