ಮುಂಗಡ

ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟವರು ಗಿರಾಕಿಗಳು, ಅವರ ಮಾತು ನಡೆಯುತ್ತದೆ. ಸರ್ಕಾರ ವರ್ಷಕ್ಕೊಮ್ಮೆ ಮಂಡಿಸುವುದಕ್ಕೂ ಮುಂಗಡಪತ್ರವೆಂದೇ ಹೆಸರು. ಇಷ್ಟು ಮರ್ಯಾದಸ್ಥ ಪದ ಕೊಡಗಿನ ತೋಟದಾಳುಗಳ ಲೈನ್‌ಮನೆಗೆ ಕಾಲಿಟ್ಟರೆ ಮುಖ ಬದಲಿಸುತ್ತದೆ. ‘ಮುಂಗಡ ತೀರಿಲ್ಲ’ ಎಂದರೆ ಅಲ್ಲಿ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ ಎಂದರ್ಥ.

ಮಡಿಕೇರಿ ಬಳಿ ಫೌಲರ್ ಎಂಬ ದೊರೆ ಕಾಫಿ ತೋಟ ತೆರೆದದ್ದು 1854ರಲ್ಲಿ. ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಜೈಲಿಗೆ ಕಳಿಸಬಹುದಾದ ಕಾಯ್ದೆ 1859ರಲ್ಲಿ ಬಂತು. ಮೇಸ್ತ್ರಿಗಳು ಆಳು ತರುತ್ತಿದ್ದದ್ದೂ ಮುಂಗಡ ಹಂಚಿಯೇ. ಗಡಿಯಾಚೆ ವಯನಾಡಿನ ವಳ್ಳಿಯೂರ್ಕಾವು ಜಾತ್ರೆಯಲ್ಲಿ ಪಣಿಯ ಆದಿವಾಸಿಗಳನ್ನು ವರ್ಷದ ದುಡಿಮೆಗೆ ಗೊತ್ತುಮಾಡುತ್ತಿದ್ದರು, ಅದೂ ದೇವಿಯ ಎದುರಿಗೇ!

ತೋಟದವರು ಕೊಟ್ಟ ಸಾಲವೆಲ್ಲ ಕೆಟ್ಟದ್ದೇನಲ್ಲ. ಮಗುವಿನ ಜ್ವರಕ್ಕೆ, ಹೆಣದ ಖರ್ಚಿಗೆ ಬ್ಯಾಂಕು ಬರುವುದಿಲ್ಲ, ಸಾಹುಕಾರರೇ ಬರುತ್ತಾರೆ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಕನಿಷ್ಠ ಕೂಲಿ ಸಿಗುತ್ತಿದೆಯೇ, ಹೊರಟರೆ ಬಿಡುತ್ತಾರೆಯೇ ಎಂದು ನೋಡಬೇಕು. ಬಿಡದಿದ್ದರೆ ಅದು ಜೀತ. ಆಳು ಕೂಡಿಸಿದ್ದೇ ಆಮಿಷ, ಮೋಸದಿಂದಾದರೆ ಮಾನವ ಕಳ್ಳಸಾಗಣೆಯೂ ಹೌದು. ‘ಸಾಗಣೆ’ ಎಂದಾಕ್ಷಣ ರೈಲು, ಲಾರಿ ಕಣ್ಣಿಗೆ ಬರುತ್ತವೆ. ಕಾನೂನಿಗೆ ಅಷ್ಟು ದೂರ ಬೇಕಿಲ್ಲ, ಹಾಗೆ ಮೋಸದಿಂದ ಕರೆತಂದು ದುಡಿಸಲು ಇರಿಸಿಕೊಂಡರೂ ಸಾಕು.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಅದರ ಪ್ರಕಾರ ಜೀತದ ಸಾಲ ತೀರಿಸಬೇಕಾಗಿಲ್ಲ, ಅದು ಆಗಲೇ ಸತ್ತಿದೆ. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡಬೇಕಾದವನು ಕೊಟ್ಟವನೇ. ಬಿಡುಗಡೆಯಾದವರಿಗೆ ತಕ್ಷಣಕ್ಕೆ 30 ಸಾವಿರ ರೂಪಾಯಿವರೆಗೆ, ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿದೆ. ಕಾಗದದಲ್ಲಿ ಕೊರತೆಯಿಲ್ಲ. ಕೊರತೆ ಸೂರಿನದು. ಲೈನ್‌ಮನೆಯ ಚಾವಣಿಯೂ ಮಾಲೀಕರದೇ. ಸಾಲ ಸತ್ತರೂ ಆ ರಾತ್ರಿ ಮಲಗುವುದೆಲ್ಲಿ? ಲೈನ್‌ಮನೆ ಬಿಟ್ಟು ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ಕಾಡಿನ ಜಾಗವೆಂದು ಎಬ್ಬಿಸಿದರು. ಹೋರಾಟವಾದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಕೊಟ್ಟರು. ನನ್ನ ಮಟ್ಟಿಗೆ ಕೊಡಗಿನಲ್ಲಿ ಜೀತ ತಡೆಯುವ ದೊಡ್ಡ ಯೋಜನೆ ಇದೇ: ಸ್ವಂತ ಹೆಸರಿನ ನಿವೇಶನ. ಇದನ್ನು ಕಾರ್ಮಿಕ ಇಲಾಖೆಯ ಕಡತಕ್ಕೆ ಸೇರಿಸುವವರಿಲ್ಲ.

ನಿಮ್ಮ ಊರಿನ ಯಾವುದೇ ಲೈನಿನಲ್ಲಿ ಸಾಲಕ್ಕೆ ಸಿಕ್ಕಿ ಹೊರಬರಲಾಗದವರಿದ್ದರೆ ಉಪವಿಭಾಗಾಧಿಕಾರಿಗೆ ತಿಳಿಸಿ, ಬಿಡುಗಡೆ ಪತ್ರ ಕೊಡಬೇಕಾದವರು ಅವರು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.