ಆಟದಲ್ಲಿ ಮುಳುಗಿದ ಹಡಗು

ದೇಶದ ಪ್ರಾಣ ಕಾಯೋ ಸೈನ್ಯಕ್ಕೆ ಆಟ ಯಾಕೆ ಬೇಕು? ಯುದ್ಧದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತೆ. ಉತ್ತರಕ್ಕೆ ಎರಡು ಆಟಗಳ ಕಥೆ ಹೇಳ್ತೀನಿ. ಎರಡೂ 1942ರವು.

ಮೊದಲನೆಯದು ಜಪಾನಿನದು. ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡುವ ಮುನ್ನ, ಮೇ ತಿಂಗಳಲ್ಲಿ, ಯಮಾಟೊ ಯುದ್ಧನೌಕೆಯಲ್ಲಿ ಅಧಿಕಾರಿಗಳು ಇಡೀ ಕಾರ್ಯಾಚರಣೆಯನ್ನು ಆಡಿ ನೋಡಿದರು. ದಾಳ ಉರುಳಿತು. ಅಮೆರಿಕದ ವಿಮಾನಗಳ ಒಂಬತ್ತು ಬಾಂಬ್ ತಗುಲಿ ಅಕಾಗಿ, ಕಾಗಾ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವು. ಮೇಲ್ವಿಚಾರಣೆಯಲ್ಲಿದ್ದ ಅಡ್ಮಿರಲ್ ಉಗಾಕಿ ಏನು ಮಾಡಿದರು ಗೊತ್ತಾ? ಒಂಬತ್ತಲ್ಲ, ಮೂರೇ ಅಂದುಬಿಟ್ಟರು. ಅಕಾಗಿ ಉಳೀತು. ಮುಳುಗಿದ ಕಾಗಾ ಕೂಡ ಮುಂದಿನ ಸುತ್ತಿಗೆ ತೇಲಿ ಬಂತು! ಜೂನ್ 4ರಂದು ನಿಜವಾದ ಸಮುದ್ರದಲ್ಲಿ ಆ ಎರಡಕ್ಕೂ ಬಾಂಬ್ ಬಿತ್ತು. ಆ ಯುದ್ಧದಲ್ಲಿ ಜಪಾನ್ ಕಳೆದುಕೊಂಡದ್ದು ನಾಲ್ಕು ವಿಮಾನವಾಹಕಗಳನ್ನು.

ಎರಡನೆಯದು ಬ್ರಿಟನ್ನಿನದು. ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಯು-ಬೋಟ್‌ಗಳು ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲ. ಕ್ಷಯರೋಗದಿಂದ ನೌಕಾಪಡೆ ಬಿಡಬೇಕಾಗಿ ಬಂದಿದ್ದ ಗಿಲ್ಬರ್ಟ್ ರಾಬರ್ಟ್ಸ್ ಅವರನ್ನು ಮತ್ತೆ ಕರೆಸಿ ಲಿವರ್‌ಪೂಲ್‌ನಲ್ಲಿ ಒಂದು ತರಬೇತಿ ಕೇಂದ್ರ ಕೊಟ್ಟರು. ನಾನು ಎಂಜಿನಿಯರಿಂಗ್ ಓದಿದವನು. ಸಿಮ್ಯುಲೇಷನ್ ಅಂದರೆ ನಮಗೆ ಕಂಪ್ಯೂಟರ್. ಅಲ್ಲಿದ್ದದ್ದು ನೆಲ, ಸೀಮೆಸುಣ್ಣ, ಪುಟ್ಟ ಹಡಗಿನ ಮಾದರಿಗಳು. ನೆಲವೇ ಸಮುದ್ರ. ಅಧಿಕಾರಿಗಳು ಪರದೆಯ ಕಿಂಡಿಯಿಂದ ಮಾತ್ರ ನೋಡಬೇಕು, ಯಾಕೆಂದರೆ ನಿಜವಾದ ಕಡಲಲ್ಲೂ ಎಲ್ಲವೂ ಕಾಣಲ್ಲ. ಆಟ ನಡೆಸುತ್ತಿದ್ದವರು ಮಹಿಳಾ ನೌಕಾ ಸೇವೆಯ ಯುವತಿಯರು.

ಈ ನೆಲದ ಮೇಲೆಯೇ ಒಂದು ಗುಟ್ಟು ಬಯಲಾಯಿತು: ಯು-ಬೋಟ್ ರಾತ್ರಿ ಹಿಂದಿನಿಂದ ಹಡಗುಗಳ ಸಾಲಿನೊಳಗೇ ನುಗ್ಗಿ ಹೊಡೆಯುತ್ತಿದೆ. ಕಾವಲು ನೌಕೆಗಳು ಹುಡುಕುತ್ತಿದ್ದದ್ದು ಹೊರಗೆ! ಅದಕ್ಕೆ ಪ್ರತಿತಂತ್ರವನ್ನೂ ಅಲ್ಲೇ ಕಂಡುಹಿಡಿದು ‘ರಾಸ್ಪ್‌ಬೆರಿ’ ಎಂದು ಹೆಸರಿಟ್ಟರು. ಸ್ವತಃ ಸಬ್‌ಮರೀನ್ ನಡೆಸಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಯು-ಬೋಟ್ ಕಡೆಯಿಂದ ಆಡಲು ಕೂತರು. ಎದುರಿಗೆ ಜಾನೆಟ್ ಒಕೆಲ್ ಎಂಬ ಯುವತಿ. ಐದು ಸಲ ಆಡಿ ಐದೂ ಸಲ ಸೋತರು. ಆದರೂ ಆ ಕೇಂದ್ರಕ್ಕೆ ಬೀಗ ಬೀಳಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5,000 ಅಧಿಕಾರಿಗಳು ಅಲ್ಲಿ ಕಲಿತರು.

ಅಟ್ಲಾಂಟಿಕ್ ಗೆಲುವಿಗೆ ರೇಡಾರ್, ವಿಮಾನಗಳೂ ಕಾರಣ, ನಿಜ. ಆದರೆ ವ್ಯತ್ಯಾಸ ಗಮನಿಸಿ. ಒಬ್ಬ ಅಡ್ಮಿರಲ್ ದಾಳದ ಮಾತನ್ನೇ ತಿದ್ದಿದರು. ಇನ್ನೊಬ್ಬರು ಕಿರಿಯಳ ಕೈಲಿ ಸೋತರೂ ಆ ಕೇಂದ್ರ ಮುಚ್ಚಲಿಲ್ಲ. ಪ್ರಿಪರೇಟರಿ ಪರೀಕ್ಷೆಯ ಮಾರ್ಕ್ಸ್ ಮನೆಯಲ್ಲೇ ತಿದ್ದಿಕೊಂಡರೆ ಫೈನಲ್ ಪೇಪರ್ ತಿದ್ದೋರು ಯಾರು, ಹೇಳಿ? ಸೋಲು ಅಗ್ಗವಾಗಿ ಸಿಗೋದು ಆಟದಲ್ಲಿ ಮಾತ್ರ. ಸಮುದ್ರದಲ್ಲಿ ಅದರ ಬೆಲೆಯನ್ನು ನಾವಿಕರು ಕಟ್ಟುತ್ತಾರೆ.