ಶಿವನೇರಿಯ ಬಂಡೆಯ ಹೂವು

ಶಿವನೇರಿ ಎಂದೊಡನೆ ನಮ್ಮಂಥವರಿಗೆ ಮೊದಲು ನೆನಪಾಗುವವಳು ಜೀಜಾಬಾಯಿ. ಪುಣೆಗೆ ಉತ್ತರದಲ್ಲಿ, ಜುನ್ನರ್ ಪಟ್ಟಣದ ಪಕ್ಕದಲ್ಲೇ ಎದ್ದು ನಿಂತಿರುವ ಈ ಬೆಟ್ಟದ ಕೋಟೆಯಲ್ಲಿ 1630ರಲ್ಲಿ ಶಿವಾಜಿ ಹುಟ್ಟಿದ್ದು. ತಂದೆ ಶಹಾಜಿ ಮುಂದೆ ನಮ್ಮ ಬೆಂಗಳೂರಿನ ಜಹಗೀರು ನೋಡಿಕೊಂಡಿದ್ದು, 1664ರಲ್ಲಿ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ ತೀರಿಕೊಂಡ. ಇದನ್ನೆಲ್ಲ ಮಕ್ಕಳಿಗೆ ಎಷ್ಟು ವರ್ಷ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಕೋಟೆಯ ಕಡಿದಾದ ಬಂಡೆಗೆ ಅಂಟಿಕೊಂಡು, ಶಿವಾಜಿ ಹುಟ್ಟುವುದಕ್ಕೂ ಮೊದಲಿನಿಂದ ಬದುಕಿರುವ ಒಂದು ಗಿಡದ ಮಾತು ಯಾವ ಪಠ್ಯಪುಸ್ತಕದಲ್ಲೂ ಬಂದಿಲ್ಲ.

ನಾನು ಆ ಗಿಡವನ್ನು ಮೊದಲು ಕಂಡದ್ದು ಬೆಟ್ಟದ ಮೇಲಲ್ಲ, ಪುಣೆಯಲ್ಲಿರುವ ನಮ್ಮ ನಾದಿನಿಯ ಮನೆಯ ಬಾಲ್ಕನಿಯಲ್ಲಿ, ತೂಗುಹಾಕಿದ ಕುಂಡದಲ್ಲಿ. ನಮ್ಮ ಮಂಗರವಳ್ಳಿಯಂತೆ ನೀರು ತುಂಬಿದ ದಪ್ಪ ಕಾಂಡ. ಮಳೆಗಾಲದಲ್ಲಿ ಹಸಿರೆಲೆ ಬಿಡುತ್ತದೆ, ಬೇಸಿಗೆ ಬಂದರೆ ಎಲೆ ಉದುರಿಸಿ ಬರೀ ಕಡ್ಡಿಯಾಗಿ ಕೂತುಬಿಡುತ್ತದೆ. ಹೂವು ರೂಪಾಯಿ ನಾಣ್ಯದಷ್ಟು, ಕಡುಗೆಂಪು ನಕ್ಷತ್ರ, ನಡುನಡುವೆ ಹಳದಿ ಮಚ್ಚೆ, ಅಂಚಿಗೆ ಸಣ್ಣ ಕೂದಲು. ನೋಡಲು ಚೆಲುವೆ, ಮೂಗು ಹತ್ತಿರ ಒಯ್ಯಬಾರದು! ಅದರ ವಾಸನೆ ನೊಣಗಳಿಗೇ ಪ್ರಿಯ, ಪರಾಗ ಹೊತ್ತೊಯ್ಯುವವೂ ಅವೇ. ಎಕ್ಕದ ಬಳಗದ ಗಿಡವಾದ್ದರಿಂದ ಬೀಜಕ್ಕೆ ರೇಷ್ಮೆಯಂಥ ಕೂದಲಿದ್ದು ಗಾಳಿಯಲ್ಲಿ ತೇಲಿಹೋಗುತ್ತದೆ. ಮರಾಠಿಯಲ್ಲಿ ಇದು ಶಿಂದಳ ಮಾಕುಡಿ. ಈಚೆಗೆ ಶಿವಸುಮನ ಎಂದೂ ಕರೆಯುತ್ತಾರೆ.

ಸಸ್ಯಶಾಸ್ತ್ರದ ಹೆಸರಿನದೇ ಒಂದು ಕಥೆ. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ನಿಕೋಲ್ ಡಾಲ್ಜೆಲ್ ಎಂಬ ಸ್ಕಾಟ್ಲೆಂಡಿನವರು 1860ರ ದಶಕದಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿ, ಆಗಿನ ಗವರ್ನರ್ ಸರ್ ಬಾರ್ಟಲ್ ಫ್ರೆರ್ ಅವರ ಗೌರವಾರ್ಥ ‘ಫ್ರೆರಿಯಾ ಇಂಡಿಕಾ’ ಎಂದರು. ಮುಂಬಯಿಯ ಹಳೆಯ ಕೋಟೆಗೋಡೆಗಳನ್ನು ಕೆಡವಿಸಿದ್ದು ಇದೇ ಫ್ರೆರ್ ಆಡಳಿತ. ಕೋಟೆ ಕೆಡವಿದವರ ಹೆಸರು ಕೋಟೆಯನ್ನೇ ನೆಚ್ಚಿದ ಗಿಡಕ್ಕೆ! 2002ರಲ್ಲಿ ವಿಜ್ಞಾನಿಗಳು ಇದನ್ನು ಬೇರೆ ಪಂಗಡಕ್ಕೆ ಸೇರಿಸಿ ‘ಬೂಸೆರೋಸಿಯಾ ಫ್ರೆರಿ’ ಎಂದು ಹೆಸರು ಬದಲಿಸಿದರು. ಇಂಡಿಕಾ ಹೋಯಿತು, ಸಾಹೇಬರು ಮಾತ್ರ ಉಳಿದರು. ನನಗಂತೂ ಇದು ಸರಿಬರಲಿಲ್ಲ.

ಇಡೀ ಜಗತ್ತಿನಲ್ಲಿ ಈ ಗಿಡ ತಾನಾಗಿ ಬೆಳೆಯುವುದು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಬೆಟ್ಟಗಳಲ್ಲಿ. ಶಿವನೇರಿ, ಸಾತಾರಾ ಬಳಿಯ ಸಜ್ಜನಗಡ, ಪುರಂದರದ ಪಕ್ಕದ ವಜ್ರಗಡ, ಹೀಗೆ ಕೋಟೆಗಳ ಹೆಸರೇ ಹೆಚ್ಚು. ಕೋಟೆ ಕಟ್ಟುವವರು ಶತ್ರು ಹತ್ತಲಾಗದ ಬಂಡೆಯನ್ನು ಹುಡುಕಿದರು. ಆ ಬಂಡೆಯ ಬಿರುಕಿನಲ್ಲಿ, ಆಡುಕುರಿಗಳ ಬಾಯಿಗೆ ಎಟುಕದ ಜಾಗದಲ್ಲಿ, ಬೊಗಸೆ ಮಣ್ಣಿನಲ್ಲಿ ಈ ಗಿಡ ಉಳಿಯಿತು. ಶಿವಾಜಿ ಹುಟ್ಟಿದ ಕಾಲಕ್ಕೇ, 1630ರಿಂದ 1632ರವರೆಗೆ, ದಖ್ಖನಿನಲ್ಲಿ ಭೀಕರ ಬರ ಬಿದ್ದು ಊರೂರೇ ಬರಿದಾದವು. ಮೈಯಲ್ಲೇ ನೀರು ಕೂಡಿಟ್ಟುಕೊಳ್ಳುವ ಇಂಥ ಗಿಡಗಳು ಅಂಥ ವರ್ಷಗಳನ್ನೂ ದಾಟಿ ಬಂದವು.

ಬರ ದಾಟಿ ಬಂದದ್ದಕ್ಕೆ ಈಗಿನ ಕಾಟ ತಡೆಯಲಾಗುತ್ತಿಲ್ಲ. ಎಟುಕುವ ಕಡೆಯಲ್ಲೆಲ್ಲ ಆಡು ಮೇಯುತ್ತದೆ, ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚಿದ ಬೆಂಕಿ ಬಂಡೆಯವರೆಗೂ ಬರುತ್ತದೆ, ಗುಡ್ಡ ಕುಸಿಯುತ್ತದೆ, ಕಂಡವರು ಕಿತ್ತೊಯ್ಯುತ್ತಾರೆ. ನಮ್ಮ ಸರ್ಕಾರ ಹೊರದೇಶಕ್ಕೆ ಕಳಿಸಬಾರದ ಕಾಡುಗಿಡಗಳ ಪಟ್ಟಿಯಲ್ಲಿ ಇದನ್ನು ಹೆಸರಿಸಿಯೇ ಸೇರಿಸಿತು. ತಮಾಷೆ ನೋಡಿ, ಅಷ್ಟರಲ್ಲಾಗಲೇ ಯುರೋಪು, ಅಮೆರಿಕದ ಹವ್ಯಾಸಿಗಳ ಗಾಜಿನ ಮನೆಗಳಲ್ಲಿ ಇದು ಹಾಯಾಗಿ ಹೂ ಬಿಡುತ್ತಿತ್ತು. ಒಂದು ಗೆಣ್ಣು ಮುರಿದು ಮರಳುಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ.

ನಾದಿನಿ ವಾದ ಮಾಡುವುದೂ ಇದನ್ನೇ. “ಮನೆಮನೆಯಲ್ಲೂ ಒಂದು ಕುಂಡ ಇಟ್ಟರೆ ಆಯಿತಲ್ಲ ಅತ್ತಿಗೆ, ಗಿಡ ಉಳಿದಂತೆಯೇ!” ಕೇಳಲು ಹಿತವಾದ ಮಾತು. ಆದರೆ ಒಂದೇ ಗಿಡದ ತುಂಡಿನಿಂದ ಬೆಳೆದ ನೂರು ಕುಂಡಗಳೂ ಒಂದೇ ಗಿಡ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೇ ಬಂದೀತು. ನೊಣ ಮುಟ್ಟಿ, ಕಾಯಿ ಒಡೆದು, ಬೀಜ ಗಾಳಿಗೆ ಹಾರಿ ಬೇರೊಂದು ಬಿರುಕಿನಲ್ಲಿ ಹೊಸದಾಗಿ ಹುಟ್ಟುವ ಗಿಡವೇ ಬೇರೆ. ಹಾಗೆಂದು ಕುಂಡ ವ್ಯರ್ಥವೆನ್ನಲಾರೆ. ಕಾಡಿನಿಂದ ಕೀಳುವ ಕೈಗಳನ್ನಾದರೂ ಅದು ತಡೆಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಗಳನ್ನು ಮತ್ತೆ ಬೆಟ್ಟಗಳಿಗೆ ನೆಡುವ ಕೆಲಸವೂ ಮಹಾರಾಷ್ಟ್ರದಲ್ಲಿ ನಡೆದಿದೆ.

2025ರ ಜುಲೈಯಲ್ಲಿ ಯುನೆಸ್ಕೋ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿವನೇರಿ ಅದರಲ್ಲಿ ಒಂದು. ಸಂತೋಷವೇ. ಇನ್ನು ಜನ ಹೆಚ್ಚು ಬರುತ್ತಾರೆ, ಗೋಡೆ ದುರಸ್ತಿಯಾಗುತ್ತದೆ, ಬಿರುಕಿನಲ್ಲಿ ಬೆಳೆದದ್ದನ್ನೆಲ್ಲ ಕಳೆ ಎಂದು ಕೆರೆದು ಗಾರೆ ಮೆತ್ತುವ ಕೆಲಸಗಾರರೂ ಬರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಈ ಗಿಡದ ಚಿತ್ರ ತೋರಿಸಿ ಕಳಿಸಬೇಕು, ಅದೂ ಮಳೆಗಾಲದ ಚಿತ್ರವಷ್ಟೇ ಸಾಲದು. ಬೇಸಿಗೆಯಲ್ಲಿ ಎಲೆಯಿಲ್ಲದೆ ಒಣಕಡ್ಡಿಯಂತೆ ಕಾಣುವ ಚಿತ್ರವನ್ನೂ ಜೊತೆಗಿಡಬೇಕು, ಏಕೆಂದರೆ ಗಾರೆ ಕೆಲಸ ನಡೆಯುವುದು ಬೇಸಿಗೆಯಲ್ಲೇ.